ಎಂಆರ್‌ಐ ರೂಮಿನ ಹೊರಗೊಂದು ಅರಿಶಿನ ಕೊಂಬಿನ ಡಬ್ಬಿ

ನಾನು ಸೈಕಿಯಾಟ್ರಿಸ್ಟ್, ಬೆಂಗಳೂರಲ್ಲಿ ಕೆಲ್ಸ. ಕೆಲವು ವರ್ಷ ಡಿಪ್ರೆಶನ್ ಇರೋರ ಮೆದುಳಿನ ಸ್ಕ್ಯಾನ್ ಮೇಲೆ ರಿಸರ್ಚ್ ಮಾಡಿದೆ. ಹೀಗಂದ ತಕ್ಷಣ ಜನ ದೊಡ್ಡ ಮಷೀನು, ಬಣ್ಣಬಣ್ಣದ ಚಿತ್ರ ಅಂದ್ಕೋತಾರೆ, ಆದ್ರೆ ನನ್ನ ಮುಕ್ಕಾಲು ಟೈಮ್ ಹೋಗಿದ್ದು ಆ ಮಷೀನಿನ ಬಾಗಿಲಾಚೆ, ಪೇಷಂಟು ಮತ್ತೆ ಅವರ ಮನೆಯವ್ರ ಜೊತೆ ಬೆಂಚ್ ಮೇಲೆ ಕೂತು ಮಾತಾಡೋದ್ರಲ್ಲಿ.

ಮೊದಲ ತಲೆನೋವು ಪ್ರಶ್ನೆಗಳದ್ದು. ಡಿಪ್ರೆಶನ್ ಎಷ್ಟಿದೆ ಅಂತ ಅಳೆಯೋಕೆ ಹ್ಯಾಮಿಲ್ಟನ್ ಸ್ಕೇಲ್ ಅಂತಿದೆ, 1960ರದ್ದು, 17 ಅಂಶ, ರಿಸರ್ಚಲ್ಲಿ ಇವತ್ತಿಗೂ ಅದು ಓಡ್ತಾ ಇದೆ. ಅದ್ರಲ್ಲೊಂದು ಗಿಲ್ಟ್ ಬಗ್ಗೆ. ನಾನು ನೆಟ್ಟಗೆ ಪುಸ್ತಕದ ಕನ್ನಡದಲ್ಲಿ "ತಪ್ಪಿತಸ್ಥ ಭಾವನೆ ಇದೆಯಾ" ಅಂತ ಕೇಳಿದ್ರೆ ರಾಮನಗರ ಕಡೆಯ ಯಜಮಾನ್ರೊಬ್ರು ಸಿಟ್ಟಾಗಿ "ನಾನ್ಯಾರ್ ಮನೆ ಹಾಳ್ ಮಾಡಿವ್ನಿ ಸ್ವಾಮಿ" ಅಂದ್ರು. ಆಮೇಲೆ ಕಲ್ತೆ, "ಮನೆಯವ್ರನ್ನ ನಡುನೀರಲ್ಲಿ ಕೈಬಿಟ್ಟೆ ಅಂತ ಏನಾದ್ರೂ ಅನ್ಸತ್ತಾ" ಅಂದ್ರೆ ಸಾಕು, ಅವ್ರೇ ಹೇಳ್ತಾ ಹೋಗ್ತಾರೆ. ಖಿನ್ನತೆ ಅನ್ನೋ ಪದ ಮಾತ್ರ ನಾನು ಪೇಷಂಟ್ ಬಾಯಲ್ಲಿ ಕೇಳಿದ್ದೇ ಅಪರೂಪ. ಎದೆ ಭಾರ, ತಲೆ ಧಿಂ ಅನ್ನತ್ತೆ, ಊಟ ಸೇರಲ್ಲ, ಮೈಯೆಲ್ಲ ಉರಿ, ಇಷ್ಟೇ.

ಎರಡನೇದು ತಾಳಿ. ಎಂಆರ್‌ಐ ಮಷೀನ್ ಅಂದ್ರೆ ಒಂದು ಭಾರೀ ಮ್ಯಾಗ್ನೆಟ್, ನಮ್ಮದು 3 ಟೆಸ್ಲಾ (ಮ್ಯಾಗ್ನೆಟ್‌ನ ಬಲ ಅಳೆಯೋ ಲೆಕ್ಕ), ಆ ರೂಮಿಗೆ ಲೋಹ ಹೋಗಂಗಿಲ್ಲ. ಚಿನ್ನ ಮ್ಯಾಗ್ನೆಟ್‌ಗೆ ಅಂಟಲ್ಲ ನಿಜ, ಆದ್ರೆ ಬಿಸಿ ಆಗ್ಬೋದು, ಚಿತ್ರ ಕೆಡ್ಬೋದು, ಸರದ ಕೊಕ್ಕೆಯಲ್ಲಿ ಏನ್ ಬೆರೆಸಿರ್ತಾರೋ ಯಾರಿಗ್ ಗೊತ್ತು. ತುಮಕೂರಿಂದ ಬಂದಿದ್ದ ಒಬ್ಬಾಕೆ ಕಾಲುಂಗುರ, ಓಲೆ, ಮೂಗುತಿ, ಪಿನ್ನು ಎಲ್ಲ ತೆಗೆದ್ರು, ತಾಳಿ ಮಾತ್ರ ಬಿಲ್‌ಕುಲ್ ಇಲ್ಲ, ಅವರತ್ತೆ ಮುಖ ನೋಡಿದ್ರೆ ನನಗೇ ಭಯ. ಅವತ್ತು ನಮ್ಮ ಆಯಾನೇ ದಾರಿ ತೋರ್ಸಿದ್ದು, ಅಂಗಡಿಗೆ ಹೋಗಿ ಅರಿಶಿನ ಕೊಂಬು ತಂದು ನೂಲಿಗೆ ಅರಿಶಿನ ಹಚ್ಚಿ ಕಟ್ಟಿ "ಇದನ್ನ ಹಾಕ್ಕೊಳಿ ಅಕ್ಕ, ಆಮೇಲೆ ಅದನ್ನ ತೆಗೀರಿ" ಅಂದ್ರು, ಅತ್ತೇನೇ ಮುಂದೆ ಬಂದು ಕಟ್ಟಿದ್ರು! ಅವತ್ತಿಂದ ನನ್ನ ಡ್ರಾಯರಲ್ಲಿ ಒಂದು ಡಬ್ಬಿ ಕೊಂಬು. ರಿಸರ್ಚ್ ಪೇಪರಲ್ಲಿ ಹೇಗ್ ಮಾಡಿದ್ವಿ ಅಂತ ಹೇಳೋ ಮೆಥಡ್ಸ್ ಭಾಗದಲ್ಲಿ ಇದನ್ನ ಬರೆಯೋಕೆ ಜಾಗ ಇರ್ಲಿಲ್ಲ.

ಒಳಗೆ ಮಲಗಿದ ಮೇಲೆ 8 ನಿಮಿಷ ಸುಮ್ನೆ ಪ್ಲಸ್ ಗುರುತು ನೋಡ್ಬೇಕು. ರಕ್ತದಲ್ಲಿ ಆಕ್ಸಿಜನ್ ಏರುಪೇರು ನೋಡಿ ಮೆದುಳಿನ ಯಾವ ಭಾಗ ಯಾವುದ್ರ ಜೊತೆ ತಾಳ ಹಾಕ್ತಿದೆ ಅಂತ ಲೆಕ್ಕ ಹಾಕೋದು. ಸುಮ್ನಿದ್ದಾಗ್ಲೇ ಜೋರಾಗಿ ಕೆಲಸ ಮಾಡೋ ಭಾಗಗಳಿವೆ, ಅಮೆರಿಕದ ಮೆದುಳಿನ ವಿಜ್ಞಾನಿ ರೈಕ್ಲ್ ಅವರ ತಂಡ 2001ರಲ್ಲಿ ಇದನ್ನೇ ಡಿಫಾಲ್ಟ್ ಮೋಡ್ ಅಂದಿದ್ದು, ತನ್ನ ಬಗ್ಗೆ ತಾನೇ ಯೋಚಿಸೋವಾಗ ಇವು ಏಳ್ತವೆ, ಹಾಗಾಗಿ ಡಿಪ್ರೆಶನ್ ರಿಸರ್ಚಿಗೆ ಇದ್ರ ಮೇಲೆ ಕಣ್ಣು. "ಯಾವ್ದೂ ವಿಶೇಷವಾಗಿ ಯೋಚ್ನೆ ಮಾಡ್ಬೇಡಿ" ಅಂದೆ ಒಬ್ಬ ಹುಡುಗನಿಗೆ. "ಅದಾಗಿದ್ರೆ ನಿಮ್ಮತ್ರ ಯಾಕ್ ಬರ್ತಿದ್ದೆ ಸರ್" ಅಂದ.

ಅವನ ಸ್ಕ್ಯಾನ್ ಹಾಳಾಯ್ತು. ಒಳಗೆ ಅಳ್ತಿದ್ದ, ಬಿಕ್ಕಿದಾಗ ತಲೆ ಅಲ್ಲಾಡತ್ತೆ, ಅರ್ಧ ಮಿಲಿಮೀಟರ್ ಅಲ್ಲಾಡಿದ್ರೂ ಮೆದುಳಿನ ಭಾಗಗಳ ನಡುವೆ ಇಲ್ಲದ ಸಂಬಂಧ ಇದ್ದಂಗೆ ಕಾಣತ್ತೆ. ಈ ಡೇಟಾ ಎಷ್ಟು ಸುಳ್ಳು ಹೇಳತ್ತೆ ಅಂದ್ರೆ 2009ರಲ್ಲಿ ಅಮೆರಿಕದಲ್ಲಿ ಸತ್ತ ಸಾಲ್ಮನ್ ಮೀನನ್ನೇ ಸ್ಕ್ಯಾನರಲ್ಲಿಟ್ಟು ಅದರ ಮೆದುಳೂ 'ಕೆಲಸ ಮಾಡ್ತಿದೆ' ಅಂತ ತೋರ್ಸಿದ್ರು, ಲೆಕ್ಕ ಸರಿಯಾಗಿ ಮಾಡಿದ ಮೇಲೆ ಚಿತ್ರದಲ್ಲಿ ಕಂಡಿದ್ದ 'ಕೆಲಸ ಮಾಡೋ' ಚುಕ್ಕೆಗಳೆಲ್ಲ ಮಾಯ. ನನ್ನ ಮೊದಲ ರಿಸಲ್ಟೂ ಹಂಗೇ, ಚೆನ್ನಾಗಿತ್ತು, ಅಲ್ಲಾಡಿದ ಫ್ರೇಮ್‌ಗಳನ್ನ ಕಿತ್ತಾಕಿದ ಮೇಲೆ ಅರ್ಧಕ್ಕರ್ಧ ಹೋಯ್ತು. ಗೈಡ್ ಮುಂದೆ ಮುಖ ತೋರ್ಸೋಕೆ ಎರಡು ದಿನ ಬೇಕಾಯ್ತು.

ಈಗ್ಲೂ ಜನ ಕೇಳ್ತಾರೆ, "ಡಾಕ್ಟ್ರೇ ಸ್ಕ್ಯಾನ್ ಮಾಡಿ ಡಿಪ್ರೆಶನ್ ಇದೆಯಾ ಹೇಳಿ" ಅಂತ. ಆಗಲ್ಲ. ಗುಂಪು ಗುಂಪು ಹೋಲಿಸಿದ್ರೆ ಸಣ್ಣ ಸರಾಸರಿ ವ್ಯತ್ಯಾಸ ಸಿಗ್ಬೋದು, ಒಬ್ಬರ ಫಿಲ್ಮ್ ಹಿಡಿದು ಹೇಳೋಕಾಗಲ್ಲ.

ಆ ತುಮಕೂರಿನಾಕೆ ಮಾತ್ರೆ ಶುರು ಮಾಡಿ 6 ವಾರಕ್ಕೆ ಎರಡನೇ ಸ್ಕ್ಯಾನ್‌ಗೆ ಬಂದ್ರು. ಎರಡೂ ಚಿತ್ರ ಪಕ್ಕಪಕ್ಕ ಇಟ್ರೆ ನನ್ನ ಕಣ್ಣಿಗೇನೂ ಫರಕ್ ಕಾಣ್ಲಿಲ್ಲ. ಆಕೆ ಮಾತ್ರ ಕೊಂಬನ್ನ ಮನೆಯಲ್ಲೇ ಕಟ್ಕೊಂಡು ಬಂದಿದ್ರು, ಬ್ಯಾಗಿಂದ ಇನ್ನೊಂದು ತೆಗೆದು "ನಿಮ್ ಡಬ್ಬೀಗೆ ಇಟ್ಕೊಳಿ" ಅಂತ ನನ್ನ ಟೇಬಲ್ ಮೇಲಿಟ್ರು.