‘ಹ್ಯಾಂಡ್’ ಒಂದನ್ನೇ ಹಿಡಿದು ಇಡಿಯಮ್ ಕಲಿಸಿದ್ದು: ನನ್ನ ಅನುಭವ

ಇಂಗ್ಲಿಷ್ ಕ್ಲಾಸಿಗೆ ಕನ್ನಡ ತರಬೇಡಿ ಅಂತ ಈ ಕಸುಬಿನ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಇಡಿಯಮ್ (ನುಡಿಗಟ್ಟು) ವಿಷಯಕ್ಕಂತೂ ಬೇಡವೇ ಬೇಡ, ಕಲಿಯೋರು ಮಕ್ಕಿಕಾಮಕ್ಕಿ ಮಾಡಿಬಿಡುತ್ತಾರೆ ಅನ್ನೋದು ಅವರ ವಾದ. ಕೆಲವರು ನಕ್ಕರೂ ನಾನು ಕನ್ನಡವನ್ನು ಕ್ಲಾಸಿಗೆ ತಂದೇಬಿಟ್ಟೆ. ಈಗ ನನ್ನ ಬ್ಯಾಚಿನವರು ‘ಹ್ಯಾಂಡ್’ ಇರುವ ನಲವತ್ತು ಚಿಲ್ಲರೆ ಇಡಿಯಮ್‌ಗಳನ್ನು ತಡವರಿಸದೆ ಬಳಸುತ್ತಾರೆ. ಕೋರ್ಸ್ ಮುಗಿದು ಆರೇಳು ತಿಂಗಳಾದ ಮೇಲೆ ಫೋನ್ ಮಾಡಿ ಪರೀಕ್ಷಿಸಿದ್ದೇನೆ, ಮುಕ್ಕಾಲು ಪಾಲು ಉಳಿದಿತ್ತು. ಆವತ್ತು ನಕ್ಕವರಲ್ಲಿ ಇಬ್ಬರು ಈಗ ನೋಟ್ಸ್ ಕೇಳುತ್ತಿದ್ದಾರೆ.

ಮೊದಲು ಎಲ್ಲರಂತೆ ಪಟ್ಟಿ ಕೊಡುತ್ತಿದ್ದೆ. ಅಕ್ಷರಮಾಲೆ ಪ್ರಕಾರ, ದಿನಕ್ಕೆ ಹತ್ತು. ಶುಕ್ರವಾರ ಟೆಸ್ಟ್, ಸೋಮವಾರ ಎಲ್ಲ ಮಾಯ. ಆಮೇಲೆ ಬಣ್ಣದ ಕಾರ್ಡ್ ಅಚ್ಚು ಹಾಕಿಸಿದೆ. ಒಂದು ಕಡೆ ಚಿತ್ರ, ಇನ್ನೊಂದು ಕಡೆ ಅರ್ಥ. ಹೆಚ್ಚುಕಮ್ಮಿ ಮೂರು ತಿಂಗಳ ಫೀಸು ಅದಕ್ಕೇ ಹೋಯಿತು. ಫಲ? ಚಿತ್ರ ನೆನಪಿತ್ತು, ಮಾತು ನೆನಪಿರಲಿಲ್ಲ. ಕಾರ್ಡುಗಳು ಇನ್ನೂ ಅಟ್ಟದ ಮೇಲಿವೆ, ಯಾರಿಗಾದರೂ ಬೇಕಿದ್ದರೆ ಸುಮ್ನೆ ಕೊಡುತ್ತೇನೆ. ಒಂದೇ ಪದ ಹಿಡಿಯೋಣ ಅಂತ ‘ಹ್ಯಾಂಡ್’ ಇರುವ ಅರವತ್ತನ್ನೂ ಒಟ್ಟಿಗೆ ಸುರಿದು ನೋಡಿದೆ. ಅದು ಇನ್ನೂ ಕೆಟ್ಟಿತು. ‘ಅಟ್ ಹ್ಯಾಂಡ್’, ‘ಆನ್ ಹ್ಯಾಂಡ್’, ‘ಇನ್ ಹ್ಯಾಂಡ್’ ಎಲ್ಲ ಕಲಸುಮೇಲೋಗರ. ಆ ಬ್ಯಾಚಿನಲ್ಲಿ ಮೂರ್ನಾಲ್ಕು ಜನರಿಗೆ ಫೀಸು ವಾಪಸ್ ಕೊಡಬೇಕಾಯಿತು.

ದಾರಿ ತೋರಿಸಿದ್ದು ಒಬ್ಬ ವಿದ್ಯಾರ್ಥಿ. ಆಫೀಸಿನ ಕೆಲಸದಲ್ಲಿ ಜೊತೆಗಾರ ಕೊನೇ ಗಳಿಗೆಯಲ್ಲಿ ಕೈಕೊಟ್ಟಿದ್ದ. ಇವನು ಮ್ಯಾನೇಜರ್ ಹತ್ತಿರ ಹೋಗಿ, ‘ಸರ್, ಹಿ ಗೇವ್ ಮಿ ಎ ಹ್ಯಾಂಡ್’ ಅಂದ. ಮ್ಯಾನೇಜರ್ ಆ ಜೊತೆಗಾರನನ್ನು ಕರೆದು, ಸಹಾಯ ಮಾಡಿದ್ದಕ್ಕೆ ಬೆನ್ನು ತಟ್ಟಿದರಂತೆ! ನಮ್ಮಲ್ಲಿ ಕೈ ಕೊಟ್ಟವನು ದ್ರೋಹಿ, ಅವರಲ್ಲಿ ಉಪಕಾರಿ. ಕನ್ನಡ ತರಬೇಡಿ ಅಂದರೂ ಅದು ಆಗಲೇ ತಲೆಯೊಳಗೆ ಕೂತಿದೆ, ಅಲ್ವಾ? ಹಾಗಿದ್ದ ಮೇಲೆ ಅದನ್ನು ಹೊರಗೆ ಎಳೆದು ಮೇಜಿನ ಮೇಲೆ ಇಡೋದೇ ವಾಸಿ ಅನ್ನಿಸಿತು.

ಅಲ್ಲಿಂದ ಬಿಳಿ ಚೀಟಿ, ಪೆನ್ಸಿಲ್ಲು, ಮೂರು ಗುಡ್ಡೆ. ಚೀಟಿಗೊಂದು ಇಡಿಯಮ್ ಬರೆದು, ಕನ್ನಡಕ್ಕೆ ಎಷ್ಟು ಹೊಂದುತ್ತದೆ ಅಂತ ನೋಡಿ ಗುಡ್ಡೆ ಮಾಡೋದು. ಮೊದಲ ಗುಡ್ಡೆ ಬಿಟ್ಟಿ ಗುಡ್ಡೆ, ಕನ್ನಡದಲ್ಲೂ ಅದೇ ಮಾತು ಇರುವಂಥವು. ‘ಅಪ್ಪರ್ ಹ್ಯಾಂಡ್’ ಅಂದರೆ ಮೇಲುಗೈ. ‘ಓಲ್ಡ್ ಹ್ಯಾಂಡ್’ ಅಂದರೆ ಪಳಗಿದ ಕೈ. ‘ಮೈ ಹ್ಯಾಂಡ್ಸ್ ಆರ್ ಟೈಡ್’ ಅಂದರೆ ಕೈ ಕಟ್ಟಿಹಾಕಿದೆ. ಜವಾಬ್ದಾರಿಯಿಂದ ಕೈ ತೊಳೆದುಕೊಳ್ಳೋದು ಎರಡು ಕಡೆಯೂ ಇದೆ. ಇವನ್ನು ಕಲಿಸೋದೇ ಬೇಡ, ತೋರಿಸಿದರೆ ಸಾಕು. ಅರ್ಧ ಗಂಟೆಯಲ್ಲಿ ಹದಿನೈದು ಮುಗಿಯುತ್ತವೆ, ಕಲಿಯೋರಿಗೆ ಧೈರ್ಯ ಬರುತ್ತದೆ.

ಎರಡನೆಯದು ಮೋಸದ ಗುಡ್ಡೆ, ಕನ್ನಡದ ಪ್ರಕಾರ ಊಹಿಸಿದರೆ ಅರ್ಥ ತಪ್ಪುವಂಥವು. ಕೈಕೊಟ್ಟದ್ದು ಇಲ್ಲಿ ಮೊದಲು. ‘ಹ್ಯಾಂಡ್ ಟು ಮೌತ್’ ಅಂದರೆ ದುಡಿದದ್ದು ಅಂದಂದಿಗೇ ಸರಿಹೋಗುವ ಬದುಕು. ಆದರೆ ನಮ್ಮವರಿಗೆ ಕೈಗೆ ಬಂದ ತುತ್ತು ಬಾಯಿಗೆ ಬಾರದ್ದು ನೆನಪಾಗುತ್ತದೆ. ‘ಫಸ್ಟ್ ಹ್ಯಾಂಡ್’ ಇನ್ನೂ ಮಜಾ. ಸೆಕೆಂಡ್ ಹ್ಯಾಂಡ್ ಅಂದರೆ ಹಳೇ ಗಾಡಿ ಆದ್ದರಿಂದ ಫಸ್ಟ್ ಹ್ಯಾಂಡ್ ಅಂದರೆ ಹೊಸ ಗಾಡಿ ಅಂತಲೇ ಎಲ್ಲರ ಲೆಕ್ಕ. ಅದು ಕಣ್ಣಾರೆ ಕಂಡದ್ದಕ್ಕೆ, ಖುದ್ದು ಅನುಭವಿಸಿದ್ದಕ್ಕೆ ಬಳಸುವ ಮಾತು. ಬಿಟ್ಟಿ ಗುಡ್ಡೆ ಮತ್ತು ಮೋಸದ ಗುಡ್ಡೆಯನ್ನು ಒಂದೇ ದಿನ ಮುಟ್ಟಬೇಡಿ. ನಡುವೆ ನಾಲ್ಕೈದು ದಿನ ಬಿಡಿ. ಮೋಸದ್ದಕ್ಕೆ ಅರ್ಥ ಬರೆಸಬೇಡಿ, ಎಡವಟ್ಟು ಆಗುವ ಸನ್ನಿವೇಶವನ್ನೇ ಇಬ್ಬರ ಹತ್ತಿರ ಆಡಿಸಿ.

ಮೂರನೆಯದರಲ್ಲಿ ಕನ್ನಡ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ‘ಹ್ಯಾಂಡ್’ ಎಲ್ಲಿಂದ ಬಂತು ಅಂತ ಹೇಳಿದರೇ ಕೂರುತ್ತದೆ. ‘ಶೋ ಯುವರ್ ಹ್ಯಾಂಡ್’ ಇಸ್ಪೀಟಿನದು, ಕೈಲಿರುವ ಎಲೆ ತೋರಿಸೋದು, ಅಂದರೆ ಮನಸ್ಸಿನಲ್ಲಿರೋದನ್ನು ಬಯಲು ಮಾಡೋದು. ‘ಹ್ಯಾಂಡ್ಸ್ ಡೌನ್’ ಕುದುರೆ ರೇಸಿನದು. ಗೆಲುವು ಗ್ಯಾರಂಟಿ ಆದ ಸವಾರ ಲಗಾಮು ಸಡಿಲ ಬಿಟ್ಟು ಕೈ ಇಳಿಸುತ್ತಿದ್ದ, ಅಷ್ಟು ಸಲೀಸು ಗೆಲುವು. ‘ಆಲ್ ಹ್ಯಾಂಡ್ಸ್ ಆನ್ ಡೆಕ್’ (ಎಲ್ಲರೂ ಕೆಲಸಕ್ಕೆ ಕೈಜೋಡಿಸಿ) ಹಡಗಿನದು, ಅಲ್ಲಿ ಹ್ಯಾಂಡ್ ಅಂದರೆ ಆಳು. ಅದೊಂದು ಗೊತ್ತಾದರೆ ‘ಶಾರ್ಟ್ ಹ್ಯಾಂಡೆಡ್’ ಅಂದರೆ ಆಳು ಸಾಲದು ಅಂತ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

‘ಔಟ್ ಆಫ್ ಹ್ಯಾಂಡ್’ ಮಾತ್ರ ಎರಡು ಗುಡ್ಡೆಗೂ ಸೇರಿದ್ದು. ಗಲಾಟೆ ಔಟ್ ಆಫ್ ಹ್ಯಾಂಡ್ ಹೋದರೆ ಕೈ ಮೀರಿತು ಅಂತ, ಅದು ಬಿಟ್ಟಿ. ಬೇಡಿಕೆಯನ್ನು ಔಟ್ ಆಫ್ ಹ್ಯಾಂಡ್ ತಳ್ಳಿಹಾಕಿದರೆ ಹಿಂದುಮುಂದು ನೋಡದೆ ತಳ್ಳಿಹಾಕಿದ ಅಂತ, ಅದು ಮೋಸ. ಇನ್, ಆನ್, ಅಟ್ ಕಲಸುಮೇಲೋಗರ ಆಗದಂತೆ ಯಾವ ಕ್ರಮದಲ್ಲಿ ಕೊಡಬೇಕು ಅನ್ನೋದಕ್ಕೆ ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬಿಚ್ಚೋದಿಲ್ಲ, ಹೊಟ್ಟೆಪಾಡು ನೋಡಿ.

ನಡುವೆ ಬೇರೆ ಪದಗಳನ್ನೂ ಕೆದಕಿದೆ. ‘ಐ’ (ಕಣ್ಣು) ಚೆನ್ನಾಗಿ ಬಂತು. ಕಣ್ಮಣಿ ಅವರಲ್ಲಿ ಕಣ್ಣಿನ ಸೇಬು ಅಂದಾಗ ಕ್ಲಾಸು ಎದ್ದು ಕೂತಿತು. ‘ಟರ್ನ್ ಎ ಬ್ಲೈಂಡ್ ಐ’ಗೆ, ಅಂದರೆ ಕಂಡೂ ಕಾಣದಂತೆ ಇರೋದಕ್ಕೆ, ಬ್ರಿಟಿಷ್ ನೌಕಾ ಸೇನಾಧಿಕಾರಿ ನೆಲ್ಸನ್ ಕತೆ ಹೇಳುತ್ತೇನೆ. 1801ರ ಕೋಪನ್‌ಹೇಗನ್ ಕದನದಲ್ಲಿ ಹಿಂದೆ ಸರಿಯಿರಿ ಅಂತ ಸಿಗ್ನಲ್ ಬಂದರೆ, ಕುರುಡುಗಣ್ಣಿಗೆ ದುರ್ಬೀನು ಹಿಡಿದು ‘ನನಗೇನೂ ಕಾಣ್ತಿಲ್ಲ’ ಅಂದನಂತೆ. ‘ಹಾರ್ಟ್’ ಅರ್ಧಂಬರ್ಧ. ನಾವು ಬಾಯಿಪಾಠ ಮಾಡಿದರೆ ಅವರು ಹೃದಯದಿಂದ ಕಲಿಯುತ್ತಾರೆ. ‘ಸೆಟ್’ ಪೂರ್ತಿ ನೆಗೆದುಬಿತ್ತು. ಬೀಳದೆ ಏನು? 1989ರ ಆಕ್ಸ್‌ಫರ್ಡ್ ದೊಡ್ಡ ನಿಘಂಟಿನಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಆ ಪದದ್ದೇ. ಹಿಡಿದುಕೊಳ್ಳಲು ಮೈಯಿಲ್ಲದ ಪದಕ್ಕೆ ಈ ಪದ್ಧತಿ ಒಗ್ಗುವುದಿಲ್ಲ ಅನ್ನೋದು ನನ್ನ ಅಂದಾಜು. ಈಗ ‘ಲೆಗ್’, ‘ಫುಟ್’ ಶುರು ಮಾಡಿದ್ದೇನೆ. ಕಾಲೆಳೆಯೋದು ತಮಾಷೆಗೆ ಹೊಂದುತ್ತದೆ, ಆದರೆ ‘ಡ್ರ್ಯಾಗ್ ಯುವರ್ ಫೀಟ್’ ಅಂದರೆ ಬೇಕಂತಲೇ ತಡ ಮಾಡೋದು. ಮೋಸದ ಗುಡ್ಡೆ ಈ ಸಲ ಜಾಸ್ತಿ ಎತ್ತರ ಆಗೋ ಹಾಗಿದೆ.