ಹಂಚು ಎಣಿಸಿ ಮನೆ ಬಿಡಿಸಿದೆ

ಫೋಟೋ ನೋಡದೆ, ಮಾಡಿನ ಹಂಚು ಎಣಿಸಿ ಹಳೆ ಮನೆಗಳ ಚಿತ್ರ ಬಿಡಿಸುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ಈಗ ಎಪ್ಪತ್ತು ಚಿಲ್ಲರೆ ಮನೆ ಆಗಿದೆ. ಅದಕ್ಕೇ ಬರೆಯುವ ಧೈರ್ಯ.

ನಾನು ಮೊದಲು ಬೋರ್ಡ್ ಬರೆಯುತ್ತಿದ್ದವನು. ಮಂಗಳೂರಿನ ಬಂದರಿನಲ್ಲಿ ಅಂಗಡಿ ಬೋರ್ಡು, ದಕ್ಕೆಯಲ್ಲಿ ಬೋಟಿನ ಹೆಸರು. ಫ್ಲೆಕ್ಸ್ ಬಂತು, ಅಂಗಡಿಯವರು ಒಬ್ಬೊಬ್ಬರೇ ಬಿಟ್ಟರು. ಬೋಟಿನವರು ಉಳಿದರು. ಆದರೆ ಅವರ ಕೆಲಸ ಇರುವುದು ಬೋಟು ದಡಕ್ಕೆ ಬಂದಾಗ ಮಾತ್ರ. ಉಳಿದ ತಿಂಗಳು ಮನೆ ನಡೆದದ್ದು ಅಮ್ಮನ ಬೀಡಿ ದುಡ್ಡಿನಲ್ಲಿ.

ಸುಮ್ನೆ ಕೂರಲಾಗದೆ ಚಿತ್ರ ಬಿಡಿಸಲು ಶುರು ಮಾಡಿದೆ. ಅಮ್ಮ ಬೀಡಿ ಕಟ್ಟುವ ಹಳೆ ತಡ್ಪೆಯನ್ನು, ಅಂದರೆ ಮೊರವನ್ನು, ತಿರುಗಿಸಿ ಮಡಿಲಲ್ಲಿಟ್ಟರೆ ಅದೇ ನನ್ನ ಹಲಗೆ. ಐದಾರು ಚಿತ್ರ ಹಿಡಿದು ಒಂದು ಗ್ಯಾಲರಿಗೆ ಹೋದೆ. ಅಲ್ಲಿದ್ದವರು ನೋಡಿ, "ಇದು ಬೋರ್ಡ್ ಬರೆಯುವ ಕೈ ಮಾರಾಯ, ಗೆರೆ ಎಲ್ಲ ಅಕ್ಷರದ ಹಾಗೆ ಗಟ್ಟಿ ಉಂಟು" ಅಂದರು. ಬಸ್ಸಿಳಿದು ಮನೆಗೆ ಬರುವವರೆಗೂ ಅದೇ ಮಾತು. ಆದರೆ ಸುಳ್ಳಲ್ಲ ಅಲ್ವಾ? ಕಟ್ಟಿಂಗೇರಿಯ ಚಿತ್ರಕಾರ ಕೆ.ಕೆ. ಹೆಬ್ಬಾರರ ಗೆರೆಯ ಹಾಗೆ ನನ್ನದು ಹರಿಯುವುದಿಲ್ಲ. ಗಟ್ಟಿ ಗೆರೆಗೆ ಹೊಂದುವುದು ಯಾವುದು ಅಂತ ನೋಡುವಾಗ ಎದುರಿಗೇ ಇತ್ತು, ನಮ್ಮ ಮನೆಯ ಹಂಚಿನ ಮಾಡು.

ಮೊದಲ ವರ್ಷ ಮೊಬೈಲ್ ಫೋಟೋ ನೋಡಿಯೇ ಬಿಡಿಸಿದೆ. ಹತ್ತಿರದಿಂದ ಫೋಟೋ ತೆಗೆದರೆ ಗೋಡೆ ಹಿಂದಕ್ಕೆ ವಾಲುತ್ತದೆ, ದೂರ ಹೋಗಲು ತೆಂಗಿನಮರ ಬಿಡುವುದಿಲ್ಲ. ಮುನ್ನೂರು ರೂಪಾಯಿಗೆ ಒಂದರಂತೆ ಹನ್ನೆರಡೋ ಹದಿಮೂರೋ ಮಾರಿದೆ. ಎರಡು ವಾಪಸ್ ಬಂದವು. "ನಮ್ಮ ಮನೆ ಇಷ್ಟು ಕುಳ್ಳಗೆ ಇಲ್ಲ" ಅಂದರು.

ಆಮೇಲೆ ಹಂಚು ಹಿಡಿದೆ. ಬಾಸೆಲ್ ಮಿಷನ್‌ನ ಪಾದ್ರಿಗಳು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಹಂಚೆಲ್ಲ ಅಚ್ಚಿನಲ್ಲಿ ಒತ್ತಿದ್ದು. ಒಂದು ಮಾಡಿನಲ್ಲಿ ಒಂದೇ ಅಳತೆ. ಹಂಚು ಕೂರುವ ಮರದ ಪಟ್ಟಿ ಉಂಟಲ್ಲ, ರೀಪು, ಆ ರೀಪಿನಿಂದ ರೀಪಿಗೆ ಹೆಚ್ಚುಕಡಿಮೆ ಒಂದಡಿ. ಸೂರಿನುದ್ದಕ್ಕೆ ಎಷ್ಟು ಹಂಚು, ಸೂರಿನಿಂದ ಮಾಡಿನ ನೆತ್ತಿಗೆ ಎಷ್ಟು ಸಾಲು ಎಣಿಸಿದರೆ ಮನೆಯ ಅಳತೆ ಅಂಗಳದಲ್ಲೇ ಸಿಗುತ್ತದೆ. ಬಾಗಿಲು, ಕಂಬ, ಜಗಲಿ ಎಲ್ಲ ಅದೇ ಲೆಕ್ಕದಲ್ಲಿ ಇಳಿಸುವುದು.

ಹೇಳುವಷ್ಟು ಸುಲಭ ಅಲ್ಲ. ಮೊದಲ ಸಲ ಸಾಲಿಗೆ ಒಂದಡಿ ಅಂತಲೇ ಇಟ್ಟೆ. ಇಳಿಜಾರು ಎದುರಿನಿಂದ ನೋಡುವಾಗ ಗಿಡ್ಡ ಕಾಣುವುದು ಮರೆತೇ ಹೋಗಿತ್ತು. ಮಾಡು ಎತ್ತರವಾಗಿ, ಮನೆಗೆ ಮುಟ್ಟಾಳೆ (ಹಾಳೆಯ ಟೋಪಿ) ಇಟ್ಟ ಹಾಗೆ ಆಯಿತು! ಹಾಳಾದ ಕಾಗದ ಆರು. ಈಗ ಸಾಲಿಗೆ ಎಷ್ಟು ಇಳಿಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ನೀವು ನಾಲ್ಕು ಮನೆ ಕೆಡಿಸಿದರೆ ನಿಮಗೂ ಗೊತ್ತಾಗುತ್ತದೆ.

ಮಳೆಗಾಲ ಇನ್ನೊಂದು ಕಥೆ. ಒಂದು ಜುಲೈಯಲ್ಲಿ ಸುಮಾರು ನಲವತ್ತು ಹಾಳೆ ದಪ್ಪ ಕಾಟನ್ ಪೇಪರಿಗೆ ಬೂಷ್ಟು ಹಿಡಿಯಿತು. ಎರಡೂವರೆ ಸಾವಿರ ನೀರಿಗೆ. ಈಗ ಬಿಸ್ಕತ್ತಿನ ದೊಡ್ಡ ಡಬ್ಬದಲ್ಲಿ ಒಣ ಇದ್ದಿಲಿನ ಜೊತೆ ಇಡುತ್ತೇನೆ. ಇದ್ದಿಲನ್ನು ಹದಿನೈದು ದಿನಕ್ಕೊಮ್ಮೆ ಹಂಡೆ ಒಲೆಯ ಹತ್ತಿರ ಕಾಯಿಸಬೇಕು. ಮಳೆ ಬಿಡದ ದಿನ ಮಂಗಳೂರಿನ ಅಲೋಶಿಯಸ್ ಚಾಪೆಲ್‌ಗೆ ಹೋಗಿ ಕೂರುವುದು. ಗೋಡೆ, ಮಾಳಿಗೆ ತುಂಬ ಇಟಲಿಯ ಚಿತ್ರಕಾರ ಮೊಸ್ಕೇನಿ 1899ರಿಂದ 1901ರವರೆಗೆ ಬಿಡಿಸಿದ ಚಿತ್ರಗಳು. ಭಕ್ತಿಗಿಂತ ಜಾಸ್ತಿ ನಾನು ಯೋಚಿಸುವುದು ಅವರ ಅಟ್ಟಣಿಗೆ ಎಲ್ಲಿ ನಿಂತಿದ್ದೀತು ಅಂತ. ಏಣಿ ಹತ್ತಿದವನ ಬುದ್ಧಿ.

ಬಣ್ಣಕ್ಕೂ ಕೈ ಹಾಕಿದೆ. ಕೆಂಪುಕಲ್ಲಿನ ಪುಡಿ ಸೋಸಿ, ಗೋಂದು ಸೇರಿಸಿ ಚಿತ್ರದ ಗೋಡೆಗೆ ಹಚ್ಚಿದೆ. ಒಣಗಿದ ಮೇಲೆ ಉದುರಿತು. ಘಟ್ಟದ ಮೇಲಿನ ನೆಂಟರೊಬ್ಬರು ಅಡಿಕೆ ಚೊಗರು ಕೊಟ್ಟರು, ಅಡಿಕೆ ಬೇಯಿಸಿದ ನೀರು. ಒಳ್ಳೆ ಕಂದು ಬಣ್ಣ. ಅದರಲ್ಲಿ ತುಕ್ಕು ಮೊಳೆ ಹಾಕಿಟ್ಟರೆ ಎರಡು ದಿನದಲ್ಲಿ ಕಪ್ಪು. ಮಾಡಿನ ಪಾಚಿಗೆ ಅದನ್ನೇ ಬಳಸುತ್ತೇನೆ. ಅದಕ್ಕೆ ಇನ್ನೊಂದು ವಸ್ತು ಸೇರಿಸುತ್ತೇನೆ, ಅದು ಬೇಡ ಬಿಡಿ.

ಈಗ ಒಂದು ಮನೆಗೆ ಮೂರೂವರೆ ಸಾವಿರ. ಕೆಡವುವ ಮೊದಲು ಕರೆಯುತ್ತಾರೆ, ಮುಂಬೈಯಲ್ಲೋ ದುಬೈಯಲ್ಲೋ ಇರುವ ಮಕ್ಕಳು ದುಡ್ಡು ಕಳಿಸುತ್ತಾರೆ. ಕಾರ್ಕಳದ ಕಡೆ ಒಬ್ಬರು ಅಜ್ಜಿ ಚಿತ್ರದ ಮೇಲೆ ಬೆರಳಿಟ್ಟು ಸಾಲು ಎಣಿಸಿದರು. ಗಾಜಿನ ಹಂಚು ಬಂದಲ್ಲಿ ನಿಂತು, "ಇದು ಇನ್ನು ಒಂದು ಕೆಳಗೆ ಮಗಾ. ಬೆಳಕು ಅಕ್ಕಿ ಕಡೆಯುವ ಕಲ್ಲಿಗೇ ಬೀಳುತ್ತಿತ್ತು" ಅಂದರು. ಹೊರಗೆ ಹೋಗಿ ನೋಡಿದೆ. ಅವರದ್ದೇ ಸರಿ. ಚಾಕುವಿನಿಂದ ಕೆರೆದು ಕೆಳಗಿಳಿಸಿದೆ.

ಮಳೆ ಬರುವ ಮೊದಲು ಬಂಟ್ವಾಳದಲ್ಲಿ ಎರಡು ಮನೆ ಬಾಕಿ ಉಂಟು. ಒಂದರ ಮಾಡು ಆಗಲೇ ಅರ್ಧ ಬಿಚ್ಚಿದ್ದಾರಂತೆ. ಆ ಅರ್ಧವನ್ನು ಅಂಗಳದಲ್ಲಿ ಪೇರಿಸಿಟ್ಟ ರಾಶಿಯಿಂದಲೇ ಎಣಿಸಬೇಕು.