ಎದೆ ಒತ್ತುವಾಗ ಪಕ್ಕೆಲುಬು ಮುರಿದರೆ: ಕ್ಯಾಶುವಾಲ್ಟಿಯಲ್ಲಿ ನನ್ನ ಅನುಭವ

ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ರಕ್ತ ಹರಿಸುವ ತುರ್ತು ಚಿಕಿತ್ಸೆ) ಕಲಿಸುವ ಗೊಂಬೆಯ ಪಕ್ಕೆಲುಬು ಮುರಿಯುವುದಿಲ್ಲ. ಆದರೆ ವಯಸ್ಸಾದವರ ಎದೆ ಒತ್ತುವಾಗ, ಶುರುಮಾಡಿದ ಸ್ವಲ್ಪ ಹೊತ್ತಿಗೇ ಅಂಗೈ ಕೆಳಗೆ ಲಟಕ್ ಅನ್ನುತ್ತದೆ. ಹೊಸ ಇಂಟರ್ನ್‌ಗಳು ಅಲ್ಲೇ ಕೈ ತೆಗೆದುಬಿಡುತ್ತಾರೆ. ನಿಲ್ಲಿಸಬೇಡಿ ಅಂತ ಪಕ್ಕದಲ್ಲೇ ನಿಂತು ಹೇಳುತ್ತೇನೆ. ಕೈ ಎದೆಯ ನಡುವೆ, ಎದೆಮೂಳೆಯ ಕೆಳಗಿನ ಅರ್ಧದ ಮೇಲಿದೆಯಾ ನೋಡಿಕೊಂಡು ಮುಂದುವರಿಸಬೇಕು, ಅಷ್ಟೇ.

ದೊಡ್ಡವರಲ್ಲಿ ಎದೆ ಕನಿಷ್ಠ 5 ಸೆಂ.ಮೀ. ತಗ್ಗಬೇಕು, 6 ದಾಟಬಾರದು, ನಿಮಿಷಕ್ಕೆ 100ರಿಂದ 120 ಸಲ. ಹೆದರಿ ಮೆಲ್ಲಗೆ ಒತ್ತಿದರೆ ಮಿದುಳಿಗೆ ಬೇಕಾದಷ್ಟು ರಕ್ತ ಹೋಗುವುದಿಲ್ಲ. ಮೂಳೆ ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ, ಮಿದುಳು ಹಾಗಲ್ಲ. ಆದರೆ ಮುರಿದ ಮೇಲೆ ಎದೆ ಸಡಿಲವಾಗುತ್ತದೆ, ಮೊದಲಿನಷ್ಟೇ ಬಲ ಹಾಕಿದರೆ ಜಾಸ್ತಿ ಒಳಗೆ ಹೋಗುತ್ತದೆ, ಅದಕ್ಕೇ ಆಳ ನೋಡಿ ಬಲ ಹೊಂದಿಸಿಕೊಳ್ಳುತ್ತೇನೆ. ಸುಸ್ತಾದಾಗ ಕೈ ಮೆಲ್ಲಗೆ ಹೊಟ್ಟೆ ಕಡೆ ಜಾರುತ್ತದೆ, ಲಿವರ್‌ಗೆ ಪೆಟ್ಟಾಗುವ ಭಯ ಇರುವುದು ಆಗಲೇ. ಎರಡು ನಿಮಿಷಕ್ಕೊಮ್ಮೆ ಒತ್ತುವವರನ್ನು ಬದಲಾಯಿಸಲೇಬೇಕು, ನನಗೇನೂ ಸುಸ್ತಾಗಿಲ್ಲ ಅಂದರೂ ಸರಿ.

ನಾಡಿ ವಾಪಸ್ ಬಂತು ಅಂದರೆ ಎಲ್ಲರ ಕಣ್ಣೂ ಇಸಿಜಿ ಮೇಲೆ. ನಾನು ಎದೆಯ ಎರಡೂ ಕಡೆ ಸ್ಟೆತ್ ಇಟ್ಟು ಕೇಳುತ್ತೇನೆ, ಅಲ್ಟ್ರಾಸೌಂಡ್ ಪ್ರೋಬನ್ನೂ ಇಡುತ್ತೇನೆ. ಮುರಿದ ಮೂಳೆ ಶ್ವಾಸಕೋಶಕ್ಕೆ ಚುಚ್ಚಿ ಗಾಳಿ ಸೋರುತ್ತಿದ್ದರೆ, ವೆಂಟಿಲೇಟರ್ ಹಾಕಿದ ಮೇಲೆ ಅದು ಬೇಗ ಬಿಗಡಾಯಿಸುತ್ತದೆ. ಬಿಪಿ ಇಳಿಯುತ್ತಲೇ ಇದ್ದರೆ ಹಾರ್ಟ್ ವೀಕ್ ಅಂತ ಸುಮ್ನೆ ಬಿಡದೆ ಹೊಟ್ಟೆಯನ್ನೂ ಸ್ಕ್ಯಾನ್ ಮಾಡುತ್ತೇನೆ, ಲಿವರ್ ಅಥವಾ ಸ್ಪ್ಲೀನ್‌ನಿಂದ (ಗುಲ್ಮದಿಂದ) ರಕ್ತ ಸೋರುತ್ತಿರಬಹುದು. ಹೀಗಾಗುವುದು ಅಪರೂಪ, ಆದರೆ ರಕ್ತ ತೆಳುವಾಗಿಸುವ ಔಷಧ ಕೊಡುವ ಮುಂಚೆ ಇದು ಗೊತ್ತಿರಬೇಕು ಅಲ್ವಾ?

ಎಚ್ಚರವಾದವರಿಗೆ ನೋವಿನ ಔಷಧ ಚೆನ್ನಾಗಿ ಕೊಡಬೇಕು. ನೋವಿಗೆ ಹೆದರಿ ಕೆಮ್ಮದಿದ್ದರೆ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು.

ಮನೆಯವರಿಗೆ ಎಕ್ಸ್‌ರೇ ಬರುವ ಮುಂಚೆಯೇ ಪಕ್ಕೆಲುಬು ಮುರಿದಿರುವ ವಿಷಯ ತಿಳಿಸುತ್ತೇನೆ. ತಡವಾಗಿ ಗೊತ್ತಾದರೆ, "ಡಾಕ್ಟ್ರೇ, ಅಮ್ಮನ್ನ ಎಲ್ಲಾದ್ರೂ ಬೀಳಿಸಿಬಿಟ್ರಾ?" ಅಂತ ಕೇಳುತ್ತಾರೆ, ಆ ಸಂಕಟದಲ್ಲಿ ಹಾಗನ್ನಿಸುವುದು ಸಹಜ. ಒತ್ತಿದ್ದರಿಂದಲೇ ಮೂಳೆ ಮುರಿದಿದೆ ಅಂತ ಡಿಸ್ಚಾರ್ಜ್ ಸಮ್ಮರಿಯಲ್ಲೂ ಸ್ಪಷ್ಟವಾಗಿ ಬರೆಯುತ್ತೇನೆ. ಮುಂದಿನ ವಾರ ಎದೆನೋವು ಅಂತ ಬೇರೆ ಆಸ್ಪತ್ರೆಗೆ ಹೋದರೆ, ಅಲ್ಲಿನವರು ಹಾರ್ಟ್ ಜೊತೆ ಪಕ್ಕೆಲುಬನ್ನೂ ಮುಟ್ಟಿ ನೋಡಲಿ ಅಂತ.